ಬಿ ಫಾರಂ ಇಲ್ಲದ ಊರಲ್ಲೂ ಪಕ್ಷ ಹುಟ್ಟುತ್ತೆ, ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ರಾಜಕೀಯ ಪಕ್ಷಗಳ ಮೇಲಿನ ಸಿಟ್ಟು. ಬೈಗುಳಗಳನ್ನು ಪಕ್ಕಕ್ಕಿಟ್ಟು ಲೆಕ್ಕಾಚಾರದ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇನೆ. ಇದು ಹಣಕಾಸಿನ ಅಂಕಣ, ಹಾಗಾಗಿ ಉತ್ತರವೂ ದುಡ್ಡು ಕಾಸಿನ ಭಾಷೆಯಲ್ಲೇ ಇರುತ್ತೆ.

ಪ್ರಶ್ನೆ: ಸಾರ್, ಈ ಪಕ್ಷಗಳು ಯಾಕಾದರೂ ಬೇಕು? ನಮ್ಮ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಬಿ ಫಾರಂ ಇಲ್ಲ, ಆದರೂ ನಡೀತಾ ಇದೆ. ವಿಧಾನಸಭೆಗೂ ಹಾಗೇ ಮಾಡಿದರೆ ಕೋಟಿಗಟ್ಟಲೆ ಖರ್ಚು ಉಳಿಯಲ್ವಾ? ಒಳ್ಳೆಯವರು ತಾವಾಗಿ ನಿಲ್ಲುತ್ತಾರೆ, ಗೆದ್ದು ಹೋಗಿ ಕೂತು ಮಾತಾಡಿ ತೀರ್ಮಾನ ಮಾಡುತ್ತಾರೆ. (ತಿಪಟೂರಿನ ತೆಂಗು ಬೆಳೆಗಾರರೊಬ್ಬರು)

ಉತ್ತರ: ಪಂಚಾಯ್ತಿಯಿಂದಲೇ ಶುರು ಮಾಡೋಣ ಸ್ವಾಮಿ, ಯಾಕೆಂದರೆ ಉತ್ತರ ಅಲ್ಲೇ ಇದೆ.

ಗ್ರಾಮ ಪಂಚಾಯ್ತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅಷ್ಟು ಚಿಕ್ಕ ಜಾಗದಲ್ಲಿ ನಿಂತವನು ಯಾರ ಮಗ, ಯಾರ ಸಾಲ ತೀರಿಸಿಲ್ಲ, ಯಾರ ಮನೆ ಸಾವಿಗೆ ಬಂದು ಹೆಗಲು ಕೊಟ್ಟ ಅನ್ನೋದು ಎಲ್ಲರಿಗೂ ಗೊತ್ತು. ಚಿಹ್ನೆ ನೋಡಿ ಆಳನ್ನು ಗುರುತಿಸುವ ಅಗತ್ಯವೇ ಇಲ್ಲ. ಇಲ್ಲಿಯವರೆಗೆ ನೀವು ಹೇಳೋದು ಸರಿ.

ಆದರೆ ಮತ ಎಣಿಕೆ ಮುಗಿದ ಮೇಲೆ ಏನಾಗುತ್ತೆ ನೋಡಿ. ನಮ್ಮೂರ ಪಂಚಾಯ್ತಿಯಲ್ಲಿ 17 ಸದಸ್ಯರು. ಅಧ್ಯಕ್ಷರಾಗಬೇಕಾದರೆ 9 ಜನ ಬೇಕು. 2020ರ ಡಿಸೆಂಬರ್ ಚುನಾವಣೆ ಆದಮೇಲೆ ನಮ್ಮಲ್ಲಿ ಅಧ್ಯಕ್ಷರಾಗೋ ಆಸೆಯಿದ್ದವರು ಮೂವರು. ಅವರಲ್ಲಿ ಒಬ್ಬರು 8 ಜನರನ್ನು ಟಿಟಿ ಗಾಡಿಗೆ ಹತ್ತಿಸಿಕೊಂಡು ಪ್ರವಾಸ ಹೊರಟರು. ಆರು ದಿನ. ಮೊದಲ ದಿನವೇ ಎಲ್ಲರ ಫೋನು ಒಂದು ಚೀಲಕ್ಕೆ ಹೋಯಿತು. ಎರಡನೇ ದಿನ ಧರ್ಮಸ್ಥಳ. ಅಲ್ಲಿ ದರ್ಶನದ ಜೊತೆಗೆ ಇನ್ನೊಂದು ಕೆಲಸವೂ ಇತ್ತು, ಮಂಜುನಾಥನ ಮೇಲೆ ಆಣೆ. "ನಾನು ಇವರಿಗೇ ಹಾಕ್ತೀನಿ, ತಪ್ಪಲ್ಲ" ಅಂತ ಒಬ್ಬೊಬ್ಬರೇ ಹೇಳಬೇಕು. ಚುನಾವಣೆಯ ದಿನ ಬೆಳಗ್ಗೆ ಗಾಡಿ ಸೀದಾ ಪಂಚಾಯ್ತಿ ಕಚೇರಿ ಬಾಗಿಲಿಗೇ ಬಂದು ನಿಂತಿತು. ಡೀಸೆಲ್ಲು, ಲಾಡ್ಜು, ಊಟ, ಮಿಕ್ಕಿದ್ದು ಎಲ್ಲ ಒಬ್ಬರ ಜೇಬಿನಿಂದ. ಅಧ್ಯಕ್ಷಗಿರಿಯ ಅವಧಿ ಮಾತ್ರ 30 ತಿಂಗಳು, ಆಮೇಲೆ ಇನ್ನೊಂದು ಚುನಾವಣೆ, ಇನ್ನೊಂದು ಟಿಟಿ.

ಇದನ್ನು ಬರೀ ಭ್ರಷ್ಟಾಚಾರ ಅಂತ ಬೈದು ಬಿಟ್ಟರೆ ಒಳಗಿರುವ ಲೆಕ್ಕ ಕಾಣೋದಿಲ್ಲ. ಒಬ್ಬರ ಮಾತನ್ನು ಒಬ್ಬರು ನಂಬೋಕೆ ಅಲ್ಲಿ ಯಾವ ವ್ಯವಸ್ಥೆಯೂ ಇಲ್ಲ. ವಿಪ್ (ಹೀಗೇ ಮತ ಹಾಕಬೇಕು ಅನ್ನೋ ಪಕ್ಷದ ಆದೇಶ) ಇಲ್ಲ, ಪಕ್ಷಾಂತರ ಕಾನೂನು ಇಲ್ಲ, ಮಾತು ತಪ್ಪಿದರೆ ಮುಂದಿನ ಸಲ ಟಿಕೆಟ್ ಕೊಡಲ್ಲ ಅಂತ ಹೆದರಿಸೋಕೆ ಯಾರೂ ಇಲ್ಲ. ಹಾಗಾಗಿ ಕರಾರನ್ನು ಉಳಿಸಿಕೊಳ್ಳೋ ಕೆಲಸ ಟಿಟಿ ಗಾಡಿಗೂ ಮಂಜುನಾಥನಿಗೂ ಬಿತ್ತು. ಅರ್ಥಶಾಸ್ತ್ರದವರು ಇದನ್ನು ವಹಿವಾಟಿನ ವೆಚ್ಚ ಅಂತಾರೆ. ಸಾಮಾನಿನ ಬೆಲೆ ಬೇರೆ. ಆ ವ್ಯಾಪಾರ ಕುದುರಿಸೋಕೆ, ನಂಬೋಕೆ, ಮುರಿಯದ ಹಾಗೆ ಕಾಯೋಕೆ ಆಗುವ ಖರ್ಚು ಬೇರೆ.

ಮನೆ ಕಟ್ಟಿಸಿದ್ದೀರಾ? ದಿನಾ ಬೆಳಗ್ಗೆ ಸರ್ಕಲ್‌ಗೆ ಹೋಗಿ ಗಾರೆಯವರು ಇಬ್ಬರು, ಕಂಬಿ ಕಟ್ಟೋರು ಒಬ್ಬರು, ಹೆಣ್ಣಾಳು ಮೂವರು ಅಂತ ಕೂಲಿ ಮಾತಾಡಿ ಕರೆದುಕೊಂಡು ಬರಬಹುದು. ಯಾರೂ ಹಾಗೆ ಮಾಡಲ್ಲ. ಮೇಸ್ತ್ರಿಗೆ ಒಪ್ಪಿಸುತ್ತೇವೆ. ಮೇಸ್ತ್ರಿ ತನ್ನ ಪಾಲು ಇಟ್ಟುಕೊಳ್ಳುತ್ತಾನೆ ಅಂತ ಗೊತ್ತಿದ್ದೇ ಒಪ್ಪಿಸುತ್ತೇವೆ, ಯಾಕೆಂದರೆ ದಿನಾ ಚೌಕಾಸಿ ಮಾಡೋ ಖರ್ಚು ಅದಕ್ಕಿಂತ ಜಾಸ್ತಿ. ಪೇಟೆಯಲ್ಲಿ ಎಲ್ಲವೂ ಕೊಳ್ಳೋಕೆ ಸಿಗುತ್ತೆ ಅಂದಮೇಲೆ ಕಂಪನಿಗಳು ಯಾಕಿವೆ ಅಂತ 1937ರಲ್ಲಿ ರೊನಾಲ್ಡ್ ಕೋಸ್ ಅನ್ನುವ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇಳಿದ. ಅವನು ಕೊಟ್ಟ ಉತ್ತರ ಹೆಚ್ಚುಕಮ್ಮಿ ಇದೇ ಮೇಸ್ತ್ರಿಯದು. 1991ರಲ್ಲಿ ಅವನಿಗೆ ನೊಬೆಲ್ ಬಂತು. ಪಕ್ಷವನ್ನೂ ಇದೇ ಲೆಕ್ಕದಲ್ಲಿ ನೋಡಿ.

ಈಗ ಪಂಚಾಯ್ತಿಯ 17ರ ಜಾಗದಲ್ಲಿ ವಿಧಾನಸಭೆಯ 224 ಇಡಿ. ಬಹುಮತಕ್ಕೆ 113. ಎಲ್ಲರೂ ಪಕ್ಷೇತರರು. ಮುಖ್ಯಮಂತ್ರಿ ಆಯ್ಕೆಗೆ 113 ಜನರ ಜೊತೆ ಬೇರೆ ಬೇರೆ ಮಾತುಕತೆ. ಬಜೆಟ್‌ಗೆ ಮತ್ತೆ 113. ಒಂದು ಸಣ್ಣ ತಿದ್ದುಪಡಿಗೂ ಮತ್ತೆ ಅಷ್ಟೇ. ಒಬ್ಬರಿಗೆ ಸೇತುವೆ, ಒಬ್ಬರಿಗೆ ವರ್ಗಾವಣೆ, ಒಬ್ಬರಿಗೆ ಅಳಿಯನ ಗುತ್ತಿಗೆ. ಪ್ರತಿಯೊಬ್ಬರೂ ತಮ್ಮ ಕ್ಷೇತ್ರಕ್ಕೆ ಕೇಳುತ್ತಾರೆ, ಬಿಲ್ಲು ಮಾತ್ರ ಇಡೀ ರಾಜ್ಯದ ತಲೆ ಮೇಲೆ. ಕೊನೆಗೆ ಕೆಟ್ಟರೆ ಯಾರನ್ನು ಕೇಳೋದು? 224 ಜನರೂ "ನಾನು ವಿರೋಧಿಸಿದ್ದೆ" ಅಂತಾರೆ. ಪಕ್ಷ ಇದ್ದರೆ ಬೈಯೋಕಾದರೂ ಒಂದು ವಿಳಾಸ ಇರುತ್ತೆ.

ಇದಕ್ಕೂ ಮೊದಲಿನ ಖರ್ಚು ನಮ್ಮ ನಿಮ್ಮದು, ಅಂದರೆ ಮತದಾರರದ್ದು. ಕ್ಷೇತ್ರದಲ್ಲಿ ಎರಡು ಲಕ್ಷ ಮತದಾರರಿದ್ದಾರೆ ಅನ್ನಿ, 15 ಜನ ನಿಂತಿದ್ದಾರೆ. ಅವರೆಲ್ಲರ ಪೂರ್ವಾಪರ ತಿಳಿಯೋಕೆ ನಾಲ್ಕು ದಿನದ ಕೆಲಸ ಬಿಡಬೇಕು, ಸಿಗೋದು ಎರಡು ಲಕ್ಷದಲ್ಲಿ ಒಂದು ವೋಟಿನ ಪ್ರಭಾವ. ಬುದ್ಧಿವಂತ ಮನುಷ್ಯ ತಿಳಿಯೋಕೆ ಹೋಗೋದೇ ಇಲ್ಲ. ಇದು ಸೋಮಾರಿತನ ಅಲ್ಲ, ಲೆಕ್ಕ. ಚಿಹ್ನೆ ಆ ನಾಲ್ಕು ದಿನವನ್ನು ನಾಲ್ಕು ಸೆಕೆಂಡಿಗೆ ಇಳಿಸುತ್ತೆ. 1951–52ರ ಮೊದಲ ಚುನಾವಣೆಯಲ್ಲಂತೂ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಅದರ ಮೇಲೆ ಚಿಹ್ನೆ ಅಂಟಿಸಿರುತ್ತಿತ್ತು. ಓದು ಬಾರದವರು ಜೋಡಿ ಎತ್ತು ಇರುವ ಪೆಟ್ಟಿಗೆ ಹುಡುಕಿ ಚೀಟಿ ಹಾಕಿ ಬರುತ್ತಿದ್ದರು.

ಎಲ್ಲರೂ ಪಕ್ಷೇತರರಾಗಿ ನಿಂತರೆ ಹೇಗಿರುತ್ತೆ ಅನ್ನೋದರ ಒಂದು ತುಣುಕನ್ನು ಬೆಳಗಾವಿಯವರು 1996ರಲ್ಲೇ ನೋಡಿದ್ದಾರೆ. ಆ ಲೋಕಸಭಾ ಚುನಾವಣೆಯಲ್ಲಿ ಅಲ್ಲಿ ಕಣದಲ್ಲಿದ್ದವರು 456 ಜನ. ಗಡಿ ವಿವಾದದ ಕಡೆ ಗಮನ ಸೆಳೆಯೋಕೆ ಸಾಲುಸಾಲು ನಾಮಪತ್ರ ಬಿದ್ದಿದ್ದವು. ಅಷ್ಟು ಹೆಸರಿನ ಮತಪತ್ರ ಕೈಗೆ ಕೊಟ್ಟರೆ ನೀವು ಏನು ಮಾಡುತ್ತೀರಿ? ಗುರುತಿರುವ ಚಿಹ್ನೆ ಹುಡುಕುತ್ತೀರಿ. ಆ ವರ್ಷ ದೇಶದಲ್ಲಿ ಒಟ್ಟು 13,952 ಅಭ್ಯರ್ಥಿಗಳು, ಅದರಲ್ಲಿ ಪಕ್ಷೇತರರೇ 10,635. ಗೆದ್ದವರು 9. ಆಮೇಲೆ ಲೋಕಸಭೆಗೆ ಠೇವಣಿಯನ್ನು 500ರಿಂದ 10,000 ರೂಪಾಯಿಗೆ ಏರಿಸಿದರು. 1998ರಲ್ಲಿ ಅಭ್ಯರ್ಥಿಗಳು 4,750ಕ್ಕೆ ಇಳಿದರು. ಬೆಲೆ ಏರಿದರೆ ಬೇಡಿಕೆ ಇಳಿಯುತ್ತೆ ಅಂತ ಪಿಯುಸಿ ಪುಸ್ತಕದಲ್ಲಿ ಓದಿದ್ದೀರಲ್ಲ, ಅದೇ.

ಪಕ್ಷ ಅಂದರೆ ದೇವರು ಕೊಟ್ಟ ವರ ಅಂತ ನಾನು ಹೇಳುತ್ತಿಲ್ಲ. ಮೇಸ್ತ್ರಿ ಸಿಮೆಂಟ್ ಕದಿಯುತ್ತಾನೆ. ಟಿಕೆಟ್ ಹಂಚುವವರು ನಾಲ್ಕೇ ಜನ, ಅವರ ಮನೆಯವರಿಗೇ ಮೊದಲ ಪಾಲು, ಗೆದ್ದ ಶಾಸಕ ಊರಿನವರಿಗಿಂತ ಜಾಸ್ತಿ ದೆಹಲಿಯ ಮುಖ ನೋಡುತ್ತಾನೆ. ಕಾನೂನೂ ಹಳಬರ ಪರವೇ. ಮಾನ್ಯತೆ ಇರುವ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಹತ್ತು ಜನ ಬೇಕು. ವಿಧಾನಸಭೆಗೆ ಅಭ್ಯರ್ಥಿ 40 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ, ಆದರೆ ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಮಾನ್ಯ ಪಕ್ಷದ 40 ತಾರಾ ಪ್ರಚಾರಕರ ಓಡಾಟದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೇ ಬರೋದಿಲ್ಲ. ಒಂದು ಹೆಲಿಕಾಪ್ಟರ್ ಐದು ಕ್ಷೇತ್ರದಲ್ಲಿ ಇಳಿದು ಹೋಗುತ್ತೆ, ಪಕ್ಷೇತರ ತನ್ನ ಬೊಲೆರೊದ ಡೀಸೆಲ್‌ಗೂ ರಸೀದಿ ಇಡಬೇಕು.

ಪಕ್ಷ ಇದ್ದರೂ ರೆಸಾರ್ಟ್ ತಪ್ಪಿಲ್ಲವಲ್ಲ ಅಂತ ಕೇಳುತ್ತೀರಿ, ಗೊತ್ತು. ಗಮನಿಸಿ, ವಿಧಾನಸಭೆಯಲ್ಲಿ ರೆಸಾರ್ಟ್ ಬರೋದು ಸಂಖ್ಯೆ ಅಂಚಿನಲ್ಲಿದ್ದಾಗ. 2018–19ರಲ್ಲಿ ಬಂತು, 2023ರಲ್ಲಿ ಬರಲಿಲ್ಲ. ಪಂಚಾಯ್ತಿಯಲ್ಲಿ ಹಾಗಲ್ಲ, ಟಿಟಿ ಗಾಡಿಯವರು ಪ್ರತಿ 30 ತಿಂಗಳಿಗೊಮ್ಮೆ ಕಾಯುತ್ತಲೇ ಇರುತ್ತಾರೆ.

ಇನ್ನೊಂದು ತಮಾಷೆ. ಪಂಚಾಯ್ತಿಯಲ್ಲಿ ಪಕ್ಷ ಇಲ್ಲ ಅಂದರೂ ಇದೆ, ಅಲ್ವಾ? ಅಭ್ಯರ್ಥಿಗೆ ಆಟೊರಿಕ್ಷಾವೋ ಇನ್ನೇನೋ ಗುರುತು. ಪತ್ರಿಕೆಯಲ್ಲಿ ಮಾತ್ರ "ಇಂಥ ಪಕ್ಷ ಬೆಂಬಲಿತ" ಅಂತ ಬರುತ್ತೆ. ಎಣಿಕೆ ಮುಗಿದ ಸಂಜೆ ಎಲ್ಲ ಪಕ್ಷದವರೂ "ನಮ್ಮವರೇ ಜಾಸ್ತಿ" ಅಂತ ಲೆಕ್ಕ ಕೊಡುತ್ತಾರೆ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಶಾಸನಸಭೆಯೂ 1937ರಿಂದ ಹೀಗೇ. 49 ಸದಸ್ಯರು, ಮತಪತ್ರದಲ್ಲಿ ಪಕ್ಷದ ಹೆಸರಿಲ್ಲ, ಆದರೆ ಯಾರು ಯಾವ ಪಕ್ಷ ಅನ್ನೋದು ಎಲ್ಲರಿಗೂ ಗೊತ್ತು. ಪಕ್ಷರಹಿತ ಪ್ರಜಾಪ್ರಭುತ್ವ ಬೇಕು ಅಂತ ವರ್ಷಗಟ್ಟಲೆ ಹೇಳಿದ ಜಯಪ್ರಕಾಶ ನಾರಾಯಣರೇ 1977ರಲ್ಲಿ ಇಂದಿರಾ ಗಾಂಧಿಯವರನ್ನು ಎದುರಿಸೋಕೆ ನಾಲ್ಕಾರು ಪಕ್ಷಗಳನ್ನು ಒಂದೇ ಸೂರಿನಡಿ ತರಬೇಕಾಯಿತು. ಜನತಾ ಪಕ್ಷ ಆಗಿದ್ದು ಹಾಗೆ. ನಮ್ಮ ಸಂವಿಧಾನ ಬರೆದಾಗಲೂ ಅದರಲ್ಲಿ ರಾಜಕೀಯ ಪಕ್ಷಗಳಿಗೆ ಅಂತ ಜಾಗ ಇರಲಿಲ್ಲ. 1985ರಲ್ಲಿ ಹತ್ತನೇ ಪರಿಚ್ಛೇದದ ಜೊತೆ ಅವು ಒಳಗೆ ಬಂದವು, ಅದೂ ಪಕ್ಷಾಂತರ ತಡೆಯೋ ಕಾನೂನಾಗಿ.

ಪ್ರಶ್ನೆ: 2008ರಲ್ಲಿ ಗೆದ್ದ ಪಕ್ಷೇತರರು ಸೀದಾ ಮಂತ್ರಿಗಳಾದರು. 2023ರಲ್ಲಿ ಗೆದ್ದವರಿಗೆ ಏನೂ ಸಿಗಲಿಲ್ಲ. ಪಕ್ಷೇತರರ ರೇಟು ಹೀಗೆ ಏರಿ ಇಳಿಯೋದು ಯಾಕೆ? (ಹುಬ್ಬಳ್ಳಿ)

ಉತ್ತರ: ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಸೇವಂತಿಗೆ ಒಂದು ಮಾರಿಗೆ ಏನು ಹೇಳುತ್ತಾರೆ, ಹಬ್ಬದ ಮಾರನೇ ದಿನ ಅದೇ ಹೂವಿಗೆ ಏನು ಹೇಳುತ್ತಾರೆ? ಹೂವು ಅದೇ.

2008ರಲ್ಲಿ ಬಿಜೆಪಿ 110, ಕಾಂಗ್ರೆಸ್ 80, ಜೆಡಿಎಸ್ 28, ಪಕ್ಷೇತರರು 6. ಬಿಜೆಪಿಗೆ ಬೇಕಾಗಿದ್ದು ಬರೀ ಮೂರು. ಆ ಮೂರರ ಬೆಲೆ ಇಡೀ ಸರ್ಕಾರದ ಬೆಲೆ. ಆರು ಜನರಲ್ಲಿ ಐವರು ಮಂತ್ರಿಗಳಾದರು. 2010ರ ಅಕ್ಟೋಬರ್‌ನಲ್ಲಿ ಅದೇ ಐವರು 11 ಬಿಜೆಪಿ ಶಾಸಕರ ಜೊತೆ ಸೇರಿ ತಿರುಗಿಬಿದ್ದರು. ಸ್ಪೀಕರ್ 16 ಜನರನ್ನೂ ಅನರ್ಹ ಮಾಡಿದರು, 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಸರ್ಕಾರಕ್ಕೆ ಬೆಂಬಲ ಕೊಟ್ಟು ಮಂತ್ರಿಯಾದ ಮಾತ್ರಕ್ಕೆ ಪಕ್ಷೇತರ ಪಕ್ಷ ಸೇರಿದ ಹಾಗಾಗಲ್ಲ ಅಂತಲೂ ಹೇಳಿತು. ಅಂದರೆ ಒಂದು ಕಡೆ ಮಂತ್ರಿಗಿರಿ, ಇನ್ನೊಂದು ಕಡೆ ವಿಪ್‌ನ ಕಾಟ ಇಲ್ಲ. ಇಂಥ ಸರಕು ಪೇಟೆಯಲ್ಲಿ ಕಮ್ಮಿ.

2019ರ ಜೂನ್‌ನಲ್ಲೂ ಇದೇ ಆಯಿತು. ಅಲುಗಾಡುತ್ತಿದ್ದ ಸಮ್ಮಿಶ್ರ ಸರ್ಕಾರ ಒಬ್ಬ ಪಕ್ಷೇತರರನ್ನೂ ಸಣ್ಣ ಪಕ್ಷದ ಒಬ್ಬರನ್ನೂ ಮಂತ್ರಿ ಮಾಡಿಕೊಂಡಿತು. ಮುಂದಿನ ತಿಂಗಳೇ ಇಬ್ಬರೂ ಬೆಂಬಲ ವಾಪಸ್ ಪಡೆದರು, ಜುಲೈ 23ಕ್ಕೆ ಸರ್ಕಾರ 99–105ರಲ್ಲಿ ಬಿತ್ತು. 2023ರಲ್ಲಿ ಕಾಂಗ್ರೆಸ್ 135. ಇಬ್ಬರು ಪಕ್ಷೇತರರು ಬೆಂಬಲ ಕೊಟ್ಟರೂ ಅವರು 136 ಮತ್ತು 137ನೆಯವರು. ಹಬ್ಬ ಮುಗಿದಿತ್ತು.

ಪ್ರಶ್ನೆ: ದೇವರಾಜ ಅರಸು ಅಂಥ ನಾಯಕರು, ಉಳುವವನೇ ಒಡೆಯ ಅಂತ ಭೂಮಿ ಕೊಟ್ಟವರು, ಕಾಂಗ್ರೆಸ್ ಬಿಟ್ಟ ಕೂಡಲೇ ಯಾಕೆ ಸೋತರು? ಜನ ಅಷ್ಟು ಕೃತಘ್ನರಾ? (ಹುಣಸೂರಿನಿಂದ ನಿವೃತ್ತ ಮೇಷ್ಟ್ರೊಬ್ಬರು)

ಉತ್ತರ: ಮೇಷ್ಟ್ರೇ, ನಿಮ್ಮ ಊರಿನವರಿಗೆ ಇದು ನೋವಿನ ವಿಷಯ ಅಂತ ಗೊತ್ತು. ಜನರನ್ನು ಬೈಯಬೇಡಿ.

ಗೊತ್ತಿಲ್ಲದ ಊರಲ್ಲಿ ಹಸಿವಾದಾಗ ಉಡುಪಿ ಹೋಟೆಲ್ ಅನ್ನೋ ಬೋರ್ಡ್ ಕಂಡರೆ ಒಳಗೆ ಹೋಗುತ್ತೇವೆ. ಒಳಗೆ ಅಡುಗೆ ಮಾಡೋರು ಯಾರು ಅಂತ ನಮಗೆ ಗೊತ್ತಿಲ್ಲ, ಸಾಂಬಾರು ಹೇಗಿರುತ್ತೆ ಅಂತ ಮಾತ್ರ ಗೊತ್ತು. ನಮ್ಮ ಬೀದಿಯ ಹೋಟೆಲ್‌ಗೆ ಬೋರ್ಡೇ ಬೇಡ, ಭಟ್ಟರ ಮುಖವೇ ಸಾಕು. ದೂರ ಹೋದಷ್ಟೂ ಬೋರ್ಡಿನ ಬೆಲೆ ಜಾಸ್ತಿ. ಪಂಚಾಯ್ತಿಯಲ್ಲಿ ಮುಖ, ಲೋಕಸಭೆಯಲ್ಲಿ ಬೋರ್ಡು.

1978ರ ಶುರುವಿನಲ್ಲಿ ಕಾಂಗ್ರೆಸ್ ಒಡೆದು ಕೈ ಗುರುತು ಹೊಸದಾಗಿ ಬಂದಾಗ ಅರಸು ಇಂದಿರಾ ಕಡೆ ಇದ್ದರು, ವಿಧಾನಸಭೆಯಲ್ಲಿ 149 ಸ್ಥಾನ ಬಂತು. 1979ರಲ್ಲಿ ಬೇರೆಯಾದರು. 1980ರ ಜನವರಿ ಲೋಕಸಭೆಯಲ್ಲಿ ರಾಜ್ಯದ 28ರಲ್ಲಿ 27 ಇಂದಿರಾ ಕಾಂಗ್ರೆಸ್‌ಗೆ. ಮುಖ್ಯಮಂತ್ರಿ ಅರಸುವಾದರೂ ಬೋರ್ಡಿನ ಮೇಲಿದ್ದ ಹೆಸರು ಇಂದಿರಾ. ನನ್ನ ಕುತೂಹಲ ಮತದಾರರಿಗಿಂತ ಶಾಸಕರ ಬಗ್ಗೆ. ಫಲಿತಾಂಶ ಬಂದ ಕೂಡಲೇ ಅರಸು ಕಡೆಯವರು ಗುಂಪಾಗಿ ಆ ಕಡೆ ನಡೆದರು, ಅದೇ ತಿಂಗಳು ಗುಂಡೂರಾವ್ ಮುಖ್ಯಮಂತ್ರಿಯಾದರು. ಪಕ್ಷಾಂತರ ಕಾನೂನು ಬರೋಕೆ ಇನ್ನೂ ಐದು ವರ್ಷ ಇತ್ತು, ಆಗ ಅಂಗಡಿ ಬದಲಾಯಿಸೋಕೆ ಖರ್ಚೇ ಇರಲಿಲ್ಲ.

ಬೋರ್ಡು ಒಬ್ಬರೇ ಹೊತ್ತುಕೊಂಡು ಹೋಗೋಕೆ ಆಗಲ್ಲ, ಆದರೆ ಒಡೆಯೋಕೆ ಆಗುತ್ತೆ. 2013ರಲ್ಲಿ ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿಯಿಂದ, ತೆಂಗಿನಕಾಯಿ ಗುರುತಿನಲ್ಲಿ ನಿಂತರು (ತಿಪಟೂರಿನವರು ಓದುತ್ತಿದ್ದೀರಾ?). ಅವರಿಗೆ ಬಂದಿದ್ದು 6 ಸ್ಥಾನ, ಮತ ಸುಮಾರು ಶೇಕಡಾ 10. ಬಿಜೆಪಿ 110ರಿಂದ 40ಕ್ಕೆ ಇಳಿಯಿತು. ಕಾಂಗ್ರೆಸ್ 122 ಗೆದ್ದು ಕೂತಿತು. 2014ರ ಶುರುವಿನಲ್ಲೇ ಅವರು ವಾಪಸ್ ಬಂದರು. 1999ರಲ್ಲಿ ಜನತಾದಳ ಹೋಳಾದಾಗಂತೂ ಚುನಾವಣಾ ಆಯೋಗ ಚಕ್ರದ ಗುರುತನ್ನೇ ತಡೆಹಿಡಿಯಿತು, ಇಬ್ಬರಿಗೂ ಇಲ್ಲ. ಅಣ್ಣತಮ್ಮಂದಿರು ಪಾಲಾದಾಗ ಅಂಗಡಿಯ ಹೆಸರಿಗೇ ಬೀಗ ಬಿದ್ದ ಹಾಗೆ.

ಪ್ರಶ್ನೆ: ಎಲ್ಲ ಪಕ್ಷದ ಪ್ರಣಾಳಿಕೆಯೂ ಒಂದೇ ಥರ ಕಾಣುತ್ತೆ. ಹಾಗಿದ್ದ ಮೇಲೆ ಮೂರು ಪಕ್ಷ ಯಾಕೆ, ಒಂದೇ ಸಾಕಲ್ವಾ? (ದಾವಣಗೆರೆ)

ಉತ್ತರ: ಬಸ್ ಸ್ಟ್ಯಾಂಡ್‌ನಲ್ಲಿ ಎರಡು ಟೀ ಅಂಗಡಿ ಇದ್ದರೆ ಎರಡೂ ಗೇಟಿನ ಹತ್ತಿರವೇ ಇರುತ್ತವೆ, ಮೂಲೆಗೆ ಹೋದವನಿಗೆ ಅರ್ಧ ಗಿರಾಕಿಗಳು ತಪ್ಪುತ್ತಾರೆ. ಪಕ್ಷಗಳು ಯೋಜನೆ ಮಾಡೋಕೆ ಗೆಲ್ಲೋದಲ್ಲ, ಗೆಲ್ಲೋಕೆ ಯೋಜನೆ ಮಾಡುತ್ತವೆ ಅನ್ನೋ ಅರ್ಥದ ಮಾತನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1957ರಲ್ಲೇ ಬರೆದ. 2023ರಲ್ಲಿ ಕಾಂಗ್ರೆಸ್ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, 200 ಯೂನಿಟ್ ಕರೆಂಟು, ಬಸ್ಸು ಅಂದಿತು. ಬಿಜೆಪಿ ಬಡ ಕುಟುಂಬಕ್ಕೆ ದಿನಾ ಅರ್ಧ ಲೀಟರ್ ನಂದಿನಿ ಹಾಲು, ಯುಗಾದಿ ಗಣೇಶ ದೀಪಾವಳಿಗೆ ಒಂದೊಂದು ಸಿಲಿಂಡರ್ ಅಂದಿತು. ಇಬ್ಬರ ಗಿರಾಕಿಯೂ ಅದೇ ಅಡುಗೆಮನೆ. ಆದರೆ ಒಂದು ಅಂಗಡಿ ಮುಚ್ಚಿಸಿ ನೋಡಿ, ಟೀ ನೀರಾಗುತ್ತೆ.

ಪ್ರಶ್ನೆ: ನನಗೆ ಗೊತ್ತಿರುವ ಒಬ್ಬ ಪಕ್ಷೇತರ ಅಭ್ಯರ್ಥಿಗೆ ದುಡ್ಡು ಕೊಡಬೇಕು ಅಂತಿದ್ದೇನೆ. ತೆರಿಗೆ ವಿನಾಯಿತಿ ಸಿಗುತ್ತಾ? (ಮಂಗಳೂರು)

ಉತ್ತರ: ಇಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿ ನೋಂದಾಯಿತ ಪಕ್ಷಕ್ಕೋ ಚುನಾವಣಾ ಟ್ರಸ್ಟಿಗೋ ಕೊಟ್ಟರೆ ಕಡಿತ ಉಂಟು, ನಗದು ಕೊಟ್ಟಿದ್ದಕ್ಕೆ ಅದೂ ಇಲ್ಲ. ವ್ಯಕ್ತಿಗೆ ಕೊಟ್ಟರೆ ಇಲ್ಲವೇ ಇಲ್ಲ. ಪಕ್ಷದ ದೇಣಿಗೆಗೆ ತೆರಿಗೆಯೂ ಇಲ್ಲ, ಲೆಕ್ಕ ಸರಿಯಾಗಿ ಒಪ್ಪಿಸಿದರೆ. 2018ರಲ್ಲಿ ಬಂದ ಚುನಾವಣಾ ಬಾಂಡನ್ನೂ ಪಕ್ಷಗಳು ಮಾತ್ರ ಪಡೆಯಬಹುದಿತ್ತು, ಅದರಲ್ಲೂ ಹಿಂದಿನ ಚುನಾವಣೆಯಲ್ಲಿ ಕನಿಷ್ಠ ಶೇಕಡಾ 1 ಮತ ಪಡೆದವು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ದೊಡ್ಡ ದುಡ್ಡಿನವರು ಪಕ್ಷವನ್ನೇ ಇಷ್ಟಪಡೋದಕ್ಕೆ ಕಾರಣ ಸರಳ: 113 ಶಾಸಕರ ಮನೆ ಬಾಗಿಲು ತಟ್ಟೋದಕ್ಕಿಂತ ಒಂದು ಕಚೇರಿಗೆ ಹೋಗೋದು ಸುಲಭ, ಸಗಟು ವ್ಯಾಪಾರ. ಕೆಲವರು ಎದುರಿನ ಪಕ್ಷಕ್ಕೂ ಕೊಡುತ್ತಾರೆ, ಅದು ವಿಮೆ.

ಪ್ರಶ್ನೆ: ಹಾಗಾದರೆ ನಾವೇ ಒಂದು ಪಕ್ಷ ಕಟ್ಟೋಣ ಅಂತಿದ್ದೇವೆ, ಏನು ಬೇಕು? (ಬೆಂಗಳೂರಿನಿಂದ ನಾಲ್ವರು ಗೆಳೆಯರು)

ಉತ್ತರ: ಮತದಾರರ ಪಟ್ಟಿಯಲ್ಲಿ ಹೆಸರಿರುವ 100 ಜನ ಸದಸ್ಯರು, ಒಂದು ನಿಯಮಾವಳಿ, 10,000 ರೂಪಾಯಿ ಶುಲ್ಕ. ಪಕ್ಷ ಸ್ಥಾಪಿಸಿದ 30 ದಿನದೊಳಗೆ ಚುನಾವಣಾ ಆಯೋಗಕ್ಕೆ ಅರ್ಜಿ ಹೋಗಬೇಕು, ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ನಿಮ್ಮದೇ ಅನ್ನೋ ಚಿಹ್ನೆ ಕೂಡಲೇ ಸಿಗೋದಿಲ್ಲ, ಮಾನ್ಯತೆ ಬರುವವರೆಗೆ ಆಯೋಗದ ಪಟ್ಟಿಯಲ್ಲಿ ಖಾಲಿ ಇರುವ ಗುರುತುಗಳಲ್ಲೇ ಕೇಳಬೇಕು. ಈಗ ನಾಲ್ವರಿದ್ದೀರಿ, ಇನ್ನು 96 ಜನ ಬೇಕು. ಆ 96 ಜನರ ಜೊತೆ ಮಾತಾಡೋಕೆ ಎಷ್ಟು ಭಾನುವಾರ ಹೋಯಿತು ಅಂತ ಬರೆದಿಟ್ಟುಕೊಂಡು ನನಗೂ ಕಳಿಸಿ.